ಸ್ಪಂಜಿ ಪತಂಗದ ಹುಳುಗಳು ಎಲೆ ತಿಂದರೆ ಓಕ್ ಮರ ಸಾಯುತ್ತದೆಯೇ?
ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಮನೆಯಂಗಳದ ಓಕ್ ಮರದ ಮೇಲೆ ಸ್ಪಂಜಿ ಪತಂಗದ ಮೊಟ್ಟೆಗಳು ಕಂಡರೆ ಅಪಾಯವೆಷ್ಟು ಎಂಬುದು ನಿಮ್ಮ ಪ್ರಶ್ನೆ. ಸುಮಾರು 1869ರಲ್ಲಿ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ಪ್ರಯೋಗಕ್ಕೆಂದು ಯುರೋಪಿನಿಂದ ತಂದಿದ್ದ ಈ ಕೀಟ ತಪ್ಪಿಸಿಕೊಂಡು ಹರಡಿತು.

ಎಲೆ ಬೋಳಾದ ಮಾತ್ರಕ್ಕೆ ಮರ ಸತ್ತಿತೆಂದು ಭಾವಿಸಬೇಕಿಲ್ಲ. ಆರೋಗ್ಯವಂತ ಓಕ್ ಮರವು ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ಬಳಸಿ ಅದೇ ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ. ಆದರೆ ಸತತ ಎರಡು ಮೂರು ವರ್ಷ ಹೀಗಾಗಿ, ಜೊತೆಗೆ ಬರಗಾಲವೂ ಬಂದರೆ, ಆ ಸಂಗ್ರಹ ಕರಗಿ, ಕಾಂಡಕೊರಕ ಹುಳುಗಳಿಗೂ ಬೇರುಕೊಳೆ ಶಿಲೀಂಧ್ರಕ್ಕೂ ಮರ ಸುಲಭವಾಗಿ ತುತ್ತಾಗುತ್ತದೆ. ಹೆಮ್ಲಾಕ್, ಪೈನ್‌ನಂತಹ ಸೂಜಿ ಎಲೆಯ ಮರಗಳಿಗೆ ಮಾತ್ರ ಒಮ್ಮೆ ಪೂರ್ತಿ ಬೋಳಾಗುವುದೇ ಮಾರಕವಾಗಬಹುದು. ಹುಳುಗಳು ಸಾಮಾನ್ಯವಾಗಿ ತಿನ್ನದ ಆ್ಯಶ್ ಮರದ ಬಗ್ಗೆ ಚಿಂತೆ ಬೇಡ.

ಮುಂದಿನ ವರ್ಷದ ಹಾವಳಿಯನ್ನು ಅಂದಾಜಿಸಲು ಎಲೆ ಉದುರಿದ ಮೇಲೆ ಮೊಟ್ಟೆಗುಂಪುಗಳನ್ನು ಎಣಿಸಬೇಕು. ಗಟ್ಟಿಯಾಗಿದ್ದು ಕಂದು ಬಣ್ಣವಿದ್ದರೆ ಹೊಸವು. ಬಿಳಚಿಕೊಂಡು ಸಣ್ಣ ತೂತುಗಳಿದ್ದರೆ ಹಳೆಯವು, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಸಂಖ್ಯೆಯಷ್ಟೇ ಗಾತ್ರವೂ ಮುಖ್ಯವೆಂದು ನನ್ನ ಅಭಿಪ್ರಾಯ: ದೊಡ್ಡ ಗುಂಪುಗಳು ಕೀಟ ಏರುಗತಿಯಲ್ಲಿದೆ ಎಂದೂ, ಚಿಕ್ಕವು ರೋಗ ಅಥವಾ ಹಸಿವಿನಿಂದ ಅದು ಕುಸಿಯುತ್ತಿದೆ ಎಂದೂ ಸೂಚಿಸುತ್ತವೆ.

ಇಷ್ಟಾದರೂ ಈ ಲೆಕ್ಕ ತಲೆಕೆಳಗಾಗಬಹುದು. ಮೇ, ಜೂನ್ ತಿಂಗಳಲ್ಲಿ ಚೆನ್ನಾಗಿ ಮಳೆಯಾದರೆ ಎಂಟಮೊಫೇಗ ಎಂಬ ಶಿಲೀಂಧ್ರವು ಹುಳುಗಳನ್ನು ಭಾರೀ ಸಂಖ್ಯೆಯಲ್ಲಿ ಕೊಲ್ಲುತ್ತದೆ.