ಪುಟ್ಟ ಸೈನ್ಯಕ್ಕೆ ಎಂಥ ಊರು ಬೇಕು?
(ಓದುಗರ ಪ್ರಶ್ನೆಗಳಿಗೆ ಉತ್ತರ)

ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ಅಳತೆಪಟ್ಟಿ ಮತ್ತು ದಾಳಗಳ ಸಹಾಯದಿಂದ ಹಳೆಯ ಕದನಗಳನ್ನು ಮತ್ತೆ ಆಡಿ ನೋಡುವ ವಾರ್‌ಗೇಮ್ ಹವ್ಯಾಸದ ಬಗ್ಗೆ ಬೆಂಗಳೂರಿನ ಓದುಗರಿಂದ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಸೈನಿಕರು ಸಿದ್ಧರಾಗಿದ್ದಾರೆ, ಅವರು ಕಾದಾಡಬೇಕಾದ ಊರು, ಕೋಟೆ, ತೋಪುಗಳನ್ನು ಸಿದ್ಧರೂಪದಲ್ಲಿ ಕೊಳ್ಳುವುದು ಹೇಗೆ ಎಂಬುದು ಆ ವಿಷಯ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: 1791ರ ಬೆಂಗಳೂರು ಮುತ್ತಿಗೆಯನ್ನು ಆಡಬೇಕೆಂದು 6 ಮಿಲಿಮೀಟರ್ ಗಾತ್ರದ ಮೈಸೂರು ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೂ ಬಣ್ಣ ಹಾಕಿ ಮುಗಿಸಿದ್ದೇನೆ. ಮನೆಗಳಿಗೆ ರೈಲು ಮಾದರಿಯವರು ಬಳಸುವ ಎನ್ ಗೇಜ್ ಕಟ್ಟಡಗಳು ಸಾಕೆಂದು ಗೆಳೆಯರು ಹೇಳುತ್ತಾರೆ. ಅವು ಹೊಂದುತ್ತವೆಯೇ? ಪೇಟೆಯನ್ನು ತೋರಿಸಲು ಎಷ್ಟು ಮನೆಗಳು ಬೇಕು? (ರಾಜಾಜಿನಗರದ ಓದುಗರು)

ಉತ್ತರ: ಹೊಂದುವುದಿಲ್ಲ. ಎನ್ ಗೇಜ್ ಕಟ್ಟಡಗಳು ಯುರೋಪ್ ಮತ್ತು ಅಮೆರಿಕದಲ್ಲಿ 1:160 (ಅಂದರೆ ನಿಜವಾದ ಅಳತೆಯ 160ರಲ್ಲಿ ಒಂದು ಪಾಲು), ಜಪಾನಿನಲ್ಲಿ 1:150, ಬ್ರಿಟನ್ನಿನಲ್ಲಿ 1:148 ಪ್ರಮಾಣದಲ್ಲಿ ತಯಾರಾಗುತ್ತವೆ. ನಿಮ್ಮ 6 ಮಿ.ಮೀ. ಸೈನಿಕರಾದರೋ ಸುಮಾರು 1:285ರಿಂದ 1:300ರ ಪ್ರಮಾಣದವರು, ಅಂದರೆ ಆ ಕಟ್ಟಡಗಳಿಗೆ ಹೊಂದುವ ಮನುಷ್ಯನ ಅರ್ಧದಷ್ಟು ಎತ್ತರದವರು. ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬುವ ಬದಲು ಬಾಗಿಲಿನ ಎತ್ತರವನ್ನು ಕೇಳಿ ತಿಳಿದುಕೊಳ್ಳಿ. ಎರಡು ಮೀಟರ್ ಎತ್ತರದ ಬಾಗಿಲು 1:300ರಲ್ಲಿ ಸುಮಾರು 6.7 ಮಿ.ಮೀ. ಇರುತ್ತದೆ, 1:150ರಲ್ಲಿ 13 ಮಿ.ಮೀ. ದಾಟುತ್ತದೆ. ಆ ಬಾಗಿಲಿನ ಮುಂದೆ ನಿಂತ ನಿಮ್ಮ ಸಿಪಾಯಿ ಚಿಕ್ಕ ಮಗುವಿನಂತೆ ಕಾಣುತ್ತಾನೆ. ಮಾರುವವರು ಬಾಗಿಲಿನ ಅಳತೆಯನ್ನು ಹೇಳದಿದ್ದರೆ ಗೋಡೆಯ ಎತ್ತರವನ್ನಾದರೂ ಕೇಳಿ. ಒಂದು ಅಂತಸ್ತಿಗೆ ಮೂರು ಮೀಟರ್ ಎಂದಿಟ್ಟುಕೊಂಡರೆ ನಿಮ್ಮ ಪ್ರಮಾಣದಲ್ಲಿ ಅದು 10 ಮಿ.ಮೀ. ಆಗಬೇಕು. ಸೈನಿಕರನ್ನು ಅಂಟಿಸಿರುವ ಬೇಸ್ ಎರಡು ಮಿ.ಮೀ. ದಪ್ಪವಿದ್ದರೆ ಮನೆಗಳನ್ನೂ ಅಷ್ಟೇ ದಪ್ಪದ ಹಲಗೆಯ ಮೇಲೆ ಇಡಬೇಕು. ಇಲ್ಲವಾದರೆ ಅಳತೆ ಸರಿಯಿರುವ ಮನೆಯೂ ಕುಸಿದಂತೆ ಕಾಣುತ್ತದೆ. ಬ್ರಿಟನ್ನಿನ ಟೈಮ್‌ಕ್ಯಾಸ್ಟ್ ಮತ್ತು ಲೆವೆನ್ ಮಿನಿಯೇಚರ್ಸ್ ಇದೇ ಗಾತ್ರದ ರೆಸಿನ್ (ಅಚ್ಚಿನಲ್ಲಿ ಎರಕ ಹೊಯ್ಯುವ ಗಟ್ಟಿ ಪ್ಲಾಸ್ಟಿಕ್) ಕಟ್ಟಡಗಳನ್ನು ತಯಾರಿಸುತ್ತವೆ. ಅಮೆರಿಕದ ಜಿ.ಎಚ್.ಕ್ಯೂ. ಕಂಪನಿಯ ಮಾದರಿಗಳು 1:285ರವು, ಆ ಅಲ್ಪ ವ್ಯತ್ಯಾಸ ಮೇಜಿನ ಮೇಲೆ ಕಣ್ಣಿಗೆ ಬೀಳುವುದಿಲ್ಲ.

ಎಷ್ಟು ಮನೆಗಳು ಎಂಬ ಪ್ರಶ್ನೆಗೆ ಉತ್ತರ ಸೈನಿಕರ ಎತ್ತರದಲ್ಲಿಲ್ಲ, ಆಟದ ನಿಯಮಗಳಲ್ಲಿದೆ. ದೊಡ್ಡ ಕದನಗಳ ನಿಯಮಗಳು ನೆಲಕ್ಕೆ ಬೇರೆಯದೇ ಪ್ರಮಾಣವನ್ನು ಇಟ್ಟುಕೊಂಡಿರುತ್ತವೆ. ನಿಮ್ಮ ನಿಯಮದಲ್ಲಿ ಮೇಜಿನ ಒಂದು ಮಿ.ಮೀ. ನೆಲದ ಒಂದು ಮೀಟರಿಗೆ ಸಮ ಎಂದಿದ್ದರೆ, ಹತ್ತು ಮೀಟರ್ ಉದ್ದ ಎಂಟು ಮೀಟರ್ ಅಗಲದ ಮನೆಯೊಂದು 1:300ರ ಮಾದರಿಯಾಗಿ 33 ಮಿ.ಮೀ. ಉದ್ದ 27 ಮಿ.ಮೀ. ಅಗಲದ ಜಾಗವನ್ನು ಹಿಡಿಯುತ್ತದೆ. ನೆಲದ ಲೆಕ್ಕದಲ್ಲಿ ಅದು ನಿಜವಾದ ಮನೆಯ ಹನ್ನೊಂದು ಪಟ್ಟು ವಿಸ್ತೀರ್ಣ. ಆದ್ದರಿಂದ ನಲವತ್ತು ಮನೆಗಳ ಹಳ್ಳಿಯೊಂದಕ್ಕೆ ಮೂರು ನಾಲ್ಕು ಮಾದರಿಗಳೇ ಸಾಕು. ಅದಕ್ಕಿಂತ ಹೆಚ್ಚು ಇಟ್ಟರೆ ಹಳ್ಳಿ ಪಟ್ಟಣವಾಗಿ ಬೆಳೆದು, ಅದನ್ನು ಸುತ್ತುವರಿಯಬೇಕಾದ ಪಡೆಗಳಿಗೆ ಜಾಗವೇ ಉಳಿಯುವುದಿಲ್ಲ. ಇದೇ ಕಾರಣಕ್ಕೆ ಒಂದೇ ಪ್ರಮಾಣದ ಮನೆಗಳಲ್ಲಿ ಆಯ್ಕೆಯಿದ್ದಾಗ ಎತ್ತರ ಸರಿಯಿದ್ದು ತಳ ಚಿಕ್ಕದಾಗಿರುವುದನ್ನೇ ಆರಿಸಬೇಕು. 10 ಮಿ.ಮೀ. ಸೈನಿಕರನ್ನು ಇಟ್ಟುಕೊಂಡಿರುವ ಅನೇಕರು 6 ಮಿ.ಮೀ.ನ ಮನೆಗಳನ್ನು ಬೇಕೆಂದೇ ಬಳಸುವುದೂ ಈ ಲೆಕ್ಕಾಚಾರದಿಂದಲೇ, ಮತ್ತು ಅವರ ಆಯ್ಕೆ ಸರಿಯಾಗಿದೆ ಎಂದು ನನ್ನ ಅಭಿಪ್ರಾಯ.

ಬೆಂಗಳೂರಿನ ಪೇಟೆಗೆ ಬರೋಣ. ಕಂಪನಿಯ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಮಾರ್ಚ್ 7ರಂದು ಪೇಟೆಯನ್ನು ಹಿಡಿಯಿತು, ಮಾರ್ಚ್ 21ರ ರಾತ್ರಿ ಕೋಟೆಗೆ ನುಗ್ಗಿತು. ಪೇಟೆಯ ಕಾಳಗ ಹೆಬ್ಬಾಗಿಲಿನಲ್ಲಿ ಮತ್ತು ಬೀದಿಗಳಲ್ಲಿ ನಡೆದದ್ದರಿಂದ ಆಟಕ್ಕೆ ಮುಖ್ಯವಾದದ್ದು ಮನೆಗಳಲ್ಲ, ಮನೆಗಳ ನಡುವಿನ ದಾರಿ. ಐದಾರು ತೆಳುಹಲಗೆಗಳನ್ನು ಕೇರಿಗಳೆಂದು ಭಾವಿಸಿ, ಒಂದೊಂದರ ಮೇಲೆ ಮೂರು ನಾಲ್ಕು ಮನೆಗಳನ್ನು ಅಂಟಿಸದೆ ಇಡಿ. ಒಂದು ಪಡೆ ಕೇರಿಯೊಳಗೆ ನುಗ್ಗಿದಾಗ ಮನೆಗಳನ್ನು ತೆಗೆದು ಅದರ ಬೇಸನ್ನು ಅಲ್ಲಿ ನಿಲ್ಲಿಸಬಹುದು, ಕಾಳಗ ಮುಗಿದ ಮೇಲೆ ಮನೆಗಳನ್ನು ಮರಳಿ ಇಡಬಹುದು. ಇಡೀ ಬೀದಿಯನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಸಿದ್ಧ ತುಂಡುಗಳು ನೋಡಲು ಸೊಗಸಾಗಿದ್ದರೂ ಈ ಅನುಕೂಲವನ್ನು ಕೊಡುವುದಿಲ್ಲ, ಆದ್ದರಿಂದ ಬಿಡಿ ಮನೆಗಳನ್ನೇ ಕೊಳ್ಳಿ.

ಪ್ರಶ್ನೆ: ವಿದೇಶಿ ತಯಾರಕರ ಪಟ್ಟಿಗಳಲ್ಲಿ ಫ್ರಾನ್ಸ್, ಜರ್ಮನಿ, ರಷ್ಯಾದ ಹಳ್ಳಿಗಳು ಧಾರಾಳವಾಗಿ ಸಿಗುತ್ತವೆ, ನಮ್ಮ ಬಯಲುಸೀಮೆಯ ಊರು ಮಾತ್ರ ಕಾಣುವುದಿಲ್ಲ. ಇರುವುದರಲ್ಲಿ ಯಾವುದನ್ನು ತರಿಸಿಕೊಂಡರೆ ಹದಿನೆಂಟನೆಯ ಶತಮಾನದ ಮೈಸೂರು ಸೀಮೆಗೆ ಹತ್ತಿರವಾಗುತ್ತದೆ? (ಬಸವನಗುಡಿಯ ಓದುಗರು)

ಉತ್ತರ: ಇದು ಈ ಹವ್ಯಾಸದಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ. ಸಿಪಾಯಿಯ ಅಂಗಿಯ ಗುಂಡಿಯನ್ನು ಸರಿಯಾಗಿ ಬರೆಯಲು ವಾರಗಟ್ಟಲೆ ಶ್ರಮಿಸುವವರು ಅವನನ್ನು ಬವೇರಿಯಾದ ಹಳ್ಳಿಯೊಂದರಲ್ಲಿ ತಂದು ನಿಲ್ಲಿಸುವುದನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ, ಏಕೆಂದರೆ ಇಷ್ಟು ಚಿಕ್ಕ ಗಾತ್ರದಲ್ಲಿ ಗುಂಡಿ ಯಾರಿಗೂ ಕಾಣುವುದಿಲ್ಲ, ಮನೆಯ ಮಾಡು ಮಾತ್ರ ಕೋಣೆಯ ಬಾಗಿಲಿನಿಂದಲೇ ಕಾಣುತ್ತದೆ. ಆದ್ದರಿಂದ ಮೊದಲು ಮಾಡನ್ನು ನೋಡಿ ಆರಿಸಿ.

ನಮ್ಮ ಬಯಲುಸೀಮೆಯ ಹಳೆಯ ಊರುಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು, ಹುಲ್ಲು ಹೊದಿಸಿದ ಮನೆಗಳು, ನಾಡಹೆಂಚಿನ ಮನೆಗಳು ಇದ್ದವು. ಮಾಳಿಗೆ ಮನೆಗೆ ಈಜಿಪ್ಟ್, ಸುಡಾನ್ ಕದನಗಳಿಗೆಂದು ಮಾರುವ ಚಪ್ಪಟೆ ಮಾಡಿನ ಮಣ್ಣಿನ ಮನೆಗಳು ಚೆನ್ನಾಗಿ ಒಪ್ಪುತ್ತವೆ. ಗುಮ್ಮಟವಿರುವುದನ್ನು ಬಿಟ್ಟು, ಕಿಟಕಿ ಕಡಿಮೆಯಿರುವ ಸರಳ ಮನೆಗಳನ್ನು ತೆಗೆದುಕೊಂಡು, ಮುಂದೆ ಎರಡು ಮಿ.ಮೀ. ಅಗಲದ ದಪ್ಪ ರಟ್ಟಿನ ಪಟ್ಟಿಯನ್ನು ಅಂಟಿಸಿದರೆ ಅಲ್ಲಿಗೆ ಜಗಲಿ ಬಂದಂತಾಯಿತು. 1:300ರಲ್ಲಿ ಅದು ಅರವತ್ತು ಸೆಂಟಿಮೀಟರ್ ಅಗಲದ ಜಗಲಿ. ಹುಲ್ಲಿನ ಮನೆಗಳಿಗೆ ಮಧ್ಯಯುಗದ ಯುರೋಪಿನ ಬಡವರ ಗುಡಿಸಲುಗಳನ್ನು ಕೊಳ್ಳಬಹುದು, ಆದರೆ ಹೊಗೆಕೊಳವೆಯನ್ನು ಕತ್ತರಿಸಿ ತೆಗೆಯಲೇಬೇಕು ಮತ್ತು ಗೋಡೆಯ ಮೇಲೆ ಮರದ ಅಡ್ಡಪಟ್ಟಿಗಳು ಎದ್ದು ಕಾಣುವಂಥವನ್ನು ಆರಿಸಬಾರದು. ಹೆಂಚಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಸಾಲಾಗಿ, ಚಪ್ಪಟೆಯಾಗಿ, ಒಂದೇ ಅಳತೆಯಲ್ಲಿ ಕೂರುವ ಕೆಂಪು ಮಂಗಳೂರು ಹೆಂಚನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತಯಾರಿಸಲು ಆರಂಭಿಸಿದ್ದು 1865ರಲ್ಲಿ. ಅದಕ್ಕೆ ಎಪ್ಪತ್ತು ವರ್ಷ ಹಿಂದಿನ ಕದನದಲ್ಲಿ ಅಂಥ ಮಾಡು ಇರಲು ಸಾಧ್ಯವಿಲ್ಲ. ದಕ್ಷಿಣ ಯುರೋಪಿನ, ಸ್ಪೇನ್ ಇಟಲಿಗಳ ಹಳ್ಳಿಮನೆಗಳ ದುಂಡು ಹೆಂಚು ನಮ್ಮ ನಾಡಹೆಂಚಿಗೆ ಹೆಚ್ಚು ಹತ್ತಿರ.

ಕೋಟೆಯ ಸಿದ್ಧ ತುಂಡುಗಳು ಸಾಮಾನ್ಯವಾಗಿ ಎರಡು ಬಗೆ: ಚೌಕ ಗೋಪುರಗಳ ಮಧ್ಯಯುಗದ ಕೋಟೆ ಮತ್ತು ನಕ್ಷತ್ರದಾಕಾರದ ಯುರೋಪಿನ ಫಿರಂಗಿ ಕೋಟೆ. ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ ಬೆಂಗಳೂರು ಕೋಟೆ ಮೊಟ್ಟೆಯಾಕಾರದ್ದಾಗಿದ್ದು ಅದರ ಕೊತ್ತಲಗಳು ದುಂಡಾಗಿದ್ದವು, ಸುತ್ತ ಆಳವಾದ ಕಂದಕವಿತ್ತು. ಬಿಡಿಯಾಗಿ ಸಿಗುವ ನೇರ ಗೋಡೆಗಳನ್ನೂ ದುಂಡು ಗೋಪುರಗಳನ್ನೂ ಕೊಂಡು, ಗೋಪುರದ ಎತ್ತರವನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ ಜೋಡಿಸುವುದೇ ಉತ್ತಮ. ತರಿಸಿಕೊಳ್ಳುವ ಮೊದಲು ಕೆ.ಆರ್. ಮಾರ್ಕೆಟ್ ಬಳಿ ಉಳಿದಿರುವ ದಿಲ್ಲಿ ಬಾಗಿಲಿಗೆ ಹೋಗಿ ಗೋಡೆಯ ಓರೆ, ತೆನೆಗಳ ಆಕಾರ, ಕಲ್ಲಿನ ಬಣ್ಣ ಇವನ್ನು ನೋಡಿ ಬನ್ನಿ. ಮುತ್ತಿಗೆಯಲ್ಲಿ ಗೋಡೆ ಒಡೆದ ಜಾಗವನ್ನು ಸೂಚಿಸುವ ಫಲಕವೂ ಅಲ್ಲಿದೆ. ಆ ದಂಡಯಾತ್ರೆಯೊಂದಿಗೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಚಿತ್ರಗಳೂ ನಿಮಗೆ ನೆರವಾಗುತ್ತವೆ.

ದೇವಸ್ಥಾನಕ್ಕೆ ಮಾತ್ರ ವಿದೇಶದ ಕಡೆ ನೋಡಬೇಕಾಗಿಲ್ಲ. ದಸರೆಯ ಮುಂಚೆ ಗೊಂಬೆ ಮಾರುವ ಅಂಗಡಿಗಳಲ್ಲಿ ಪುಟ್ಟ ಗುಡಿಗಳೂ ಗೋಪುರಗಳೂ ಸಿಗುತ್ತವೆ. ಐದು ಸೆಂಟಿಮೀಟರ್ ಎತ್ತರದ ಗೋಪುರ ನಿಮ್ಮ ಪ್ರಮಾಣದಲ್ಲಿ ಹದಿನೈದು ಮೀಟರಿನದು. ಕಡುಬಣ್ಣವನ್ನು ಮುಚ್ಚಿ ಕಲ್ಲಿನ ಬಣ್ಣ ಬಳಿದರೆ ಸಾಕು. ಕೊನೆಯದಾಗಿ, ಯಾವ ತಯಾರಕರೂ ಹೆಸರಿಸಿ ಮಾರದ, ಆದರೆ ನಮ್ಮ ನೆಲದ ಕದನಕ್ಕೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವ ವಸ್ತು ಕೆರೆಯ ಏರಿ. ಪದಾತಿಗಳು ಅದರ ಹಿಂದೆ ಅಡಗಬಹುದು, ಫಿರಂಗಿಯನ್ನು ಅದರ ಮೇಲೆ ಏರಿಸಬಹುದು, ಕುದುರೆ ಪಡೆ ಅದನ್ನು ಸುತ್ತಿಕೊಂಡು ಹೋಗಲೇಬೇಕು. ರೈಲು ಮಾದರಿಯವರಿಗೆಂದು ತಯಾರಾಗುವ ದಿಬ್ಬದ ತುಂಡುಗಳನ್ನು ಹಳಿಯಿಲ್ಲದೆ ಕೊಂಡು, ಒಂದು ಮಗ್ಗುಲಿಗೆ ಕಲ್ಲುಕಟ್ಟಡದ ಬಣ್ಣ ಕೊಟ್ಟರೆ ಒಳ್ಳೆಯ ಏರಿಯಾಗುತ್ತದೆ. ಎರಡು ಮನೆ ಕಡಿಮೆ ಕೊಂಡರೂ ಚಿಂತೆಯಿಲ್ಲ, ಏರಿಯನ್ನು ಬಿಡಬೇಡಿ.

ಪ್ರಶ್ನೆ: ಪೀಣ್ಯದಲ್ಲಿ ಲೇಸರ್‌ನಿಂದ ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕತ್ತರಿಸಿ ಕೊಡುವವರಿದ್ದಾರೆ, ತ್ರೀ ಡಿ ಪ್ರಿಂಟ್ ಮಾಡಿ ಕೊಡುವವರೂ ಇದ್ದಾರೆ. ಹೊರದೇಶದಿಂದ ರೆಸಿನ್ ಮನೆಗಳನ್ನು ತರಿಸುವ ಬದಲು ಇಲ್ಲೇ ಮಾಡಿಸಿಕೊಳ್ಳುವುದು ಲೇಸಲ್ಲವೇ? (ಯಶವಂತಪುರದ ಓದುಗರು)

ಉತ್ತರ: ಸಾಗಣೆ ವೆಚ್ಚ ಮತ್ತು ಸುಂಕವನ್ನು ಲೆಕ್ಕ ಹಾಕಿದರೆ ಇಲ್ಲೇ ಮಾಡಿಸುವುದು ಬಹುಪಾಲು ಲೇಸು, ಆದರೆ ಗಾತ್ರವನ್ನು ನೋಡಿ ವಸ್ತುವನ್ನು ನಿರ್ಧರಿಸಬೇಕು. ಸಾಮಾನ್ಯವಾಗಿ ಬಳಸುವ ಮೂರು ಮಿ.ಮೀ. ದಪ್ಪದ ಎಂ.ಡಿ.ಎಫ್. ಹಲಗೆ 28 ಮಿ.ಮೀ. ಸೈನಿಕರ (1:56 ಪ್ರಮಾಣದ) ಮನೆಗೆ ಸುಮಾರು ಹದಿನೇಳು ಸೆಂಟಿಮೀಟರ್ ದಪ್ಪದ ಗೋಡೆಯಾಗಿ ಸಹಜವಾಗಿ ಕಾಣುತ್ತದೆ. ಅದೇ ಹಲಗೆ 1:300ರಲ್ಲಿ ತೊಂಬತ್ತು ಸೆಂಟಿಮೀಟರ್ ದಪ್ಪದ ಗೋಡೆಯಾಗಿಬಿಡುತ್ತದೆ. ಆದ್ದರಿಂದ ಚಿಕ್ಕ ಗಾತ್ರದಲ್ಲಿ ಎಂ.ಡಿ.ಎಫ್. ಕೋಟೆಗೋಡೆಗಳಿಗೂ ಕೇರಿಯ ಹಲಗೆಗಳಿಗೂ ಯೋಗ್ಯವೇ ಹೊರತು ಮನೆಗಳಿಗಲ್ಲ. ಅದು ನೀರು ಹೀರಿ ಉಬ್ಬುವ ವಸ್ತುವಾದ್ದರಿಂದ ಮಳೆಗಾಲಕ್ಕೆ ಮುನ್ನ ಅಂಚುಗಳಿಗೂ ಸೇರಿಸಿ ವಾರ್ನಿಷ್ ಬಳಿಯಬೇಕು.

ಪ್ರಿಂಟ್ ಮಾಡಿಸುವವರು ಸಾಮಾನ್ಯವಾಗಿ 28 ಮಿ.ಮೀ.ಗೆಂದು ರೂಪಿಸಿದ ಫೈಲನ್ನು ಕೊಂಡು ಕುಗ್ಗಿಸುತ್ತಾರೆ. 1:56ರಿಂದ 1:300ಕ್ಕೆ ಇಳಿಸುವುದೆಂದರೆ ಶೇ. 19ಕ್ಕಿಂತ ಕಡಿಮೆಗೆ ಕುಗ್ಗಿಸುವುದು. ಮೂಲದಲ್ಲಿ ಎರಡು ಮಿ.ಮೀ. ದಪ್ಪವಿದ್ದ ಕಂಬ 0.4 ಮಿ.ಮೀ.ಗೂ ಕಡಿಮೆಯಾಗುತ್ತದೆ, ಸಾಮಾನ್ಯ ಯಂತ್ರದ ನಳಿಕೆಯ ಅಗಲವೇ 0.4 ಮಿ.ಮೀ. ಆಗಿರುವುದರಿಂದ ಅದು ಮೂಡುವುದೇ ಇಲ್ಲ. 6 ಮಿ.ಮೀ.ಗೆಂದೇ ರೂಪಿಸಿದ ಫೈಲನ್ನು ಕೊಳ್ಳಿ. ಅಂಥವುಗಳಲ್ಲಿ ಬಾಗಿಲು ಕಿಟಕಿಗಳನ್ನು ಬೇಕೆಂದೇ ಆಳವಾಗಿ ಕೊರೆದಿರುತ್ತಾರೆ. ಪ್ರಿಂಟ್ ಮಾಡಲು ಬಳಸುವ ಪಿ.ಎಲ್.ಎ. ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಮೆತ್ತಗಾಗುವುದರಿಂದ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಊರನ್ನು ಬಿಟ್ಟು ಹೋಗಬೇಡಿ. ಎರಕದ ರೆಸಿನ್ ಮನೆಗಳನ್ನು ಬಣ್ಣಕ್ಕೆ ಮುನ್ನ ಸೋಪಿನ ನೀರಿನಲ್ಲಿ ತೊಳೆಯಬೇಕು, ಇಲ್ಲವಾದರೆ ಅಚ್ಚಿಗೆ ಹಚ್ಚಿದ ಜಿಡ್ಡಿನಿಂದಾಗಿ ಬಣ್ಣ ಹಿಡಿಯುವುದಿಲ್ಲ. ತಳವನ್ನು ಉಜ್ಜುವಾಗ ಒದ್ದೆ ಮಾಡಿದ ಮರಳುಕಾಗದದಿಂದ (ಸ್ಯಾಂಡ್‌ಪೇಪರ್) ಉಜ್ಜಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಹಾನಿಕರ.

ಪ್ರಶ್ನೆ: ಮರಗಳನ್ನು ರೈಲು ಮಾದರಿಯವರಿಂದ ಕೊಳ್ಳಬಹುದೇ? (ಜಯನಗರದ ಓದುಗರು)

ಉತ್ತರ: ಧಾರಾಳವಾಗಿ ಕೊಳ್ಳಬಹುದು. ಮನೆಗಳಿಗೆ ಒಂದು ಎತ್ತರವಿದೆ, ಮರಗಳಿಗಿಲ್ಲ. ಹನ್ನೆರಡು ಮೀಟರಿನ ಮಾವಿನ ಮರ 1:300ರಲ್ಲಿ ನಾಲ್ಕು ಸೆಂಟಿಮೀಟರ್. ಪೈನ್ ಜಾತಿಯ ಚೂಪು ಮರಗಳು ಬೇಡ. ದುಂಡು ತಲೆಯ ಮರಗಳ ತೋಪೊಂದು, ಊರ ಮುಂದೆ ಅಗಲವಾಗಿ ಹರಡಿದ ಒಂದು ಅರಳಿಮರ, ಏರಿಯ ಪಕ್ಕ ಐದು ಸೆಂಟಿಮೀಟರಿನ ತೆಂಗಿನ ಮರಗಳು ಸಾಕು.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್, ಆಡುವುದು ಊಟದ ಮೇಜಿನ ಮೇಲೆ. ನೆಲಕ್ಕೆ ಜೋಡಿಸುವ ಚೌಕ ಹಲಗೆಗಳು ಒಳ್ಳೆಯವೋ, ಮುದ್ರಿಸಿದ ಬಟ್ಟೆಯ ಹಾಸು ಒಳ್ಳೆಯದೋ? (ಹೆಬ್ಬಾಳದ ಓದುಗರು)

ಉತ್ತರ: ಚೌಕ ಹಲಗೆಗಳ ಯೋಚನೆ ಬಹಳ ಹಳೆಯದು. 1812ರಲ್ಲಿ ರೈಸ್‌ವಿಟ್ಸ್ ಎಂಬಾತ ಜರ್ಮನಿಯ ಪ್ರಷ್ಯ ರಾಜ್ಯದ ದೊರೆಗೆ ಒಪ್ಪಿಸಿದ ಯುದ್ಧದಾಟದ ಮೇಜಿನಲ್ಲಿಯೇ ಬೆಟ್ಟ, ಹೊಳೆ, ಊರುಗಳಿರುವ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಬಹುದಾಗಿತ್ತು. ಆದರೂ ನಿಮಗೆ ನನ್ನ ಸಲಹೆ ಬಟ್ಟೆಯ ಹಾಸೇ. ಚಿಕ್ಕ ಗಾತ್ರದಲ್ಲಿ ಹಲಗೆಗಳ ನಡುವಿನ ಒಂದು ಮಿ.ಮೀ. ಬಿರುಕೂ ಕಾಲುವೆಯಂತೆ ಕಾಣುತ್ತದೆ, ಹಾಸನ್ನಾದರೆ ಸುರುಳಿ ಸುತ್ತಿ ಬೀರುವಿನ ಮೂಲೆಯಲ್ಲಿ ನಿಲ್ಲಿಸಬಹುದು ಮತ್ತು ಅದರ ಕೆಳಗೆ ಪುಸ್ತಕಗಳನ್ನಿಟ್ಟು ಇಳಿಜಾರು ಕಡಿಮೆಯಿರುವ ದಿಣ್ಣೆಗಳನ್ನು ಮಾಡಬಹುದು. ಕಡಿದಾದ ಸಿದ್ಧ ಬೆಟ್ಟಗಳ ಮೇಲೆ ಲೋಹದ ಸೈನಿಕರು ನಿಲ್ಲದೆ ಜಾರುತ್ತಾರೆ. ಬಣ್ಣವನ್ನು ಆರಿಸುವಾಗ ಕದನ ನಡೆದ ತಿಂಗಳನ್ನು ನೆನಪಿಡಿ. ಸಿಗುವ ಹಾಸುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಹಸಿರು ಹುಲ್ಲಿನವು ಅಥವಾ ಮರುಭೂಮಿಯ ಮರಳಿನವು. ಬೆಂಗಳೂರಿನ ಮುತ್ತಿಗೆ ನಡೆದದ್ದು ಮಾರ್ಚಿಯಲ್ಲಿ, ಕೊಯ್ಲು ಮುಗಿದು ಹೊಲಗಳು ಒಣಗಿ ಕೆಮ್ಮಣ್ಣು ಕಾಣುವ ಕಾಲದಲ್ಲಿ. ಅಂಥ ಹಾಸು ಸಿಗದಿದ್ದರೆ ಮರಳಿನ ಬಣ್ಣದ್ದನ್ನು ಕೊಂಡು ಅಲ್ಲಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣವನ್ನು ಸ್ಪಂಜಿನಿಂದ ಒತ್ತಿ, ಸೈನಿಕರ ಬೇಸ್‌ಗಳಿಗೂ ಕೇರಿಯ ಹಲಗೆಗಳಿಗೂ ಅದೇ ಡಬ್ಬಿಯ ಬಣ್ಣವನ್ನು ಹಚ್ಚಿ.