ಫರ್ನ್ ಎಲೆಯ ಹಿಂದಿನ ಕಂದು ಚುಕ್ಕಿ ಹುಳವಾ?

ಪ್ರಶ್ನೆ: ಬೆಂಗಳೂರಿನ ನಮ್ಮ ಫ್ಲ್ಯಾಟ್‌ನ ಬಾಲ್ಕನಿಯಲ್ಲಿ ಬಾಸ್ಟನ್ ಫರ್ನ್ ತೂಗುಹಾಕಿದ್ದೇನೆ. ಮಾರ್ಚ್‌ನಿಂದ ಎಲೆಯ ತುದಿ ಒಣಗುತ್ತಿದೆ. ಹಿಂಬದಿಯಲ್ಲಿ ಕಂದು ಚುಕ್ಕಿಗಳಿವೆ. ಬುಡದಿಂದ ದಾರದಂಥ ಎಳೆಗಳು ಇಳಿಬಿದ್ದಿವೆ. ಹುಳ ಬಿದ್ದಿದೆ, ಔಷಧಿ ಹೊಡೆಯಿರಿ ಅಂತ ಪಕ್ಕದ ಮನೆಯವರು ಹೇಳಿದರು. ಯಾವುದು ಹೊಡೆಯಲಿ?

ಉತ್ತರ: ಸದ್ಯಕ್ಕೆ ಏನನ್ನೂ ಹೊಡೆಯಬೇಡಿ. ಒಂದು ಎಲೆ ತಿರುಗಿಸಿ ನೋಡಿ. ಚುಕ್ಕಿಗಳು ಕಿರುಎಲೆಯ ಅಂಚಿನಗುಂಟ ಸಾಲಾಗಿ, ಹೊಲಿಗೆ ಹಾಕಿದ ಹಾಗೆ ಕೂತಿವೆಯಾ? ಹಾಗಿದ್ದರೆ ಅವು ಹುಳವಲ್ಲ, ಬೀಜಕದ (ಸ್ಪೋರ್) ಗೂಡುಗಳು. ಫರ್ನ್ ಅಂದರೆ ಜರೀಗಿಡ. ಅದಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ, ಧೂಳಿನಂಥ ಬೀಜಕಗಳಿಂದಲೇ ವಂಶ ಬೆಳೆಯುವುದು, ಶಾಲೆಯಲ್ಲಿ ಓದಿದ್ದು ನೆನಪಿದೆ ಅಲ್ವಾ? ಪ್ರತಿ ಗೂಡಿನ ಮೇಲೂ ಮೂತ್ರಪಿಂಡದ ಆಕಾರದ ಪುಟ್ಟ ಮುಚ್ಚಳ ಇರುತ್ತದೆ. ನೆಫ್ರೊಲೆಪಿಸ್ ಅನ್ನುವ ಶಾಸ್ತ್ರೀಯ ಹೆಸರು ಬಂದಿದ್ದೇ ಅದರಿಂದ.

ಶಲ್ಕ ಕೀಟವಾದರೆ (ಸ್ಕೇಲ್, ಚಿಪ್ಪಿನ ಹಾಗೆ ಗಿಡಕ್ಕೆ ಅಂಟಿಕೊಂಡು ರಸ ಹೀರುವ ಪುಟ್ಟ ಹುಳ) ಹೀಗೆ ಸಾಲು ಹಿಡಿದು ಕೂರುವುದಿಲ್ಲ. ಎಲ್ಲೆಂದರಲ್ಲಿ, ಎಲೆಯ ದಂಟಿನ ಮೇಲೂ ಅಂಟಿರುತ್ತದೆ. ಮುಟ್ಟಿದರೆ ಎಲೆ ಜಿಗುಟು ಜಿಗುಟು. ಆಗಲೂ ಉಗುರಿನಿಂದ ಕೆರೆದು ತೆಗೆಯಿರಿ, ತುಂಬಾ ಹತ್ತಿದ ಎಲೆಯನ್ನು ಬುಡಕ್ಕೇ ಕತ್ತರಿಸಿ. ಫರ್ನ್ ಎಲೆ ಬಹಳ ನಾಜೂಕು. ಎಣ್ಣೆ ಬೆರೆತ ಔಷಧಿ ಬಿದ್ದರೆ ಹುಳಕ್ಕಿಂತ ಮೊದಲು ಎಲೆಯೇ ಸುಟ್ಟುಹೋಗಬಹುದು.

ನಿಮ್ಮ ಗಿಡದ ನಿಜವಾದ ಕಷ್ಟ ಒಣಹವೆ. ಇದರ ಮೂಲ ಜಾತಿ ಫ್ಲಾರಿಡಾ, ವೆಸ್ಟ್ ಇಂಡೀಸ್ ಕಡೆಯ ತೇವದ ಕಾಡಿನದು. ಬಾಗಿದ ಎಲೆಯ ಈ ತಳಿ 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್ ಕಡೆಗೆ ಹೋದ ಗಿಡಗಳ ನಡುವೆ ಸಿಕ್ಕಿತು, ಊರಿನ ಹೆಸರೇ ಗಿಡಕ್ಕೂ ನಿಂತಿತು. ಬೆಂಗಳೂರಿನ ಮಾರ್ಚ್, ಏಪ್ರಿಲ್ ಬಿಸಿಲು ಅದಕ್ಕೆ ಶಿಕ್ಷೆ. ತೂಗುಕುಂಡಕ್ಕೆ ನಾಲ್ಕೂ ಕಡೆಯಿಂದ ಗಾಳಿ ಬಡಿಯುವುದರಿಂದ ಮಣ್ಣು ಇನ್ನೂ ಬೇಗ ಒಣಗುತ್ತದೆ. ಬೇಸಿಗೆ ಮುಗಿಯುವ ತನಕ ಕೆಳಗಿಳಿಸಿ, ಬೇರೆ ಕುಂಡಗಳ ಗುಂಪಿನಲ್ಲಿ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಿ. ಕಿಟಕಿ ಇರುವ ಬಚ್ಚಲುಮನೆ ಇದ್ದರಂತೂ ಇನ್ನೂ ಒಳ್ಳೆಯದು. ದಿನಾ ಎಲೆಗೆ ನೀರು ಚಿಮುಕಿಸುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹತ್ತು ನಿಮಿಷದಲ್ಲಿ ಆರಿಹೋಗುತ್ತದೆ, ಸುಮ್ನೆ ಸಮಾಧಾನ.

ನೀರು ಹಾಕುವ ಮುಂಚೆ ಬೆರಳಿಟ್ಟು ನೋಡಿ. ಮಣ್ಣು ಹಿಂಡಿದ ಬಟ್ಟೆಯಷ್ಟು ಒದ್ದೆ ಇರಲಿ, ಕೆಸರಾಗುವುದು ಬೇಡ. ಬೋರ್‌ವೆಲ್ ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೂ ತುದಿ ಕಂದಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಹಾಕಿ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆಯ ಮೇಲೆ ಕಣ್ಣಿಡಿ.

ಇನ್ನು ಆ ದಾರಗಳು. ಅವು ಬೇರು ಬಿಡುವ ಬಳ್ಳಿಗಳು, ಕಿತ್ತು ಹಾಕಬೇಡಿ. ಮಳೆ ಶುರುವಾದ ಮೇಲೆ ತೆಂಗಿನನಾರಿನ ಪುಡಿ, ಎಲೆಗೊಬ್ಬರ ತುಂಬಿದ ಸಣ್ಣ ಕುಂಡವನ್ನು ಪಕ್ಕಕ್ಕಿಟ್ಟು, ಒಂದು ಎಳೆಯನ್ನು ಹೇರ್‌ಪಿನ್ನಿನಿಂದ ಮಣ್ಣಿಗೆ ಒತ್ತಿಡಿ. ಮರಿ ಚಿಗುರಿ ನಾಲ್ಕಾರು ಎಲೆ ಬಿಟ್ಟ ಮೇಲಷ್ಟೇ ತಾಯಿಗಿಡದಿಂದ ಕತ್ತರಿಸಿ.