ಒಂಬತ್ತು ಅಂಕಿಗೇ ಯಾಕೆ ನಿಲ್ಲಬೇಕು?

ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಕೆಲಸಕ್ಕೆ ಬರುವ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ 381654729 ಎಂಬ ಸಂಖ್ಯೆಯನ್ನು ಬಹಳ ಹೊಗಳಿದ್ದೀರಿ. 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರುತ್ತವೆ. ಮೊದಲ ಎರಡು ಅಂಕಿ 2ರಿಂದ, ಮೊದಲ ಮೂರು 3ರಿಂದ, ಹೀಗೆ 9ರವರೆಗೂ ಶೇಷವಿಲ್ಲದೆ ಭಾಗವಾಗುತ್ತವೆ. ಇಂಥದ್ದು ಇದೊಂದೇ ಅಂತ. ನನ್ನ ಮಗ ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಹುಡುಕಿಬಿಟ್ಟ. ಇದರಲ್ಲಿ ಬೆರಗೇನು? ಒಂಬತ್ತು ಅಂಕಿಗೇ ಯಾಕೆ ನಿಲ್ಲಬೇಕು?’

ಮಗನಿಗೆ ಶಹಬ್ಬಾಸ್ ಹೇಳಿ. ಒಂಬತ್ತು ಅಂಕಿಗಳನ್ನು 3,62,880 ರೀತಿ ಜೋಡಿಸಬಹುದು. ಅಷ್ಟನ್ನೂ ಒಂದೊಂದಾಗಿ ನೋಡುವುದು ಕಂಪ್ಯೂಟರಿಗೆ ಸುಲಭ. ಆದರೆ ನಾವು ಅಷ್ಟನ್ನೂ ನೋಡಬೇಕಾಗಿಯೇ ಇಲ್ಲ. ನನಗೆ ಖುಷಿ ಕೊಟ್ಟಿದ್ದು ಅದೇ.

ಸೊನ್ನೆ ಇಲ್ಲದ್ದರಿಂದ ಐದನೇ ಅಂಕಿ 5. ಎರಡು, ನಾಲ್ಕು, ಆರು, ಎಂಟನೇ ಜಾಗದಲ್ಲಿ ಸಮ ಅಂಕಿಗಳೇ ಇರಬೇಕು. ಹಾಗಾಗಿ ಉಳಿದ ಕಡೆಯೆಲ್ಲ ಬೆಸ. ಈಗ 4ರ ಲೆಕ್ಕ ನೋಡಿ. ಬೆಸ ಅಂಕಿಯ ಪಕ್ಕ 4 ಅಥವಾ 8 ಬಂದರೆ (14, 38) ಅದು 4ರಿಂದ ಭಾಗವಾಗುವುದಿಲ್ಲ, 2 ಅಥವಾ 6 ಬಂದರೆ ಆಗುತ್ತದೆ. ಆದ್ದರಿಂದ ನಾಲ್ಕನೇ ಮತ್ತು ಎಂಟನೇ ಜಾಗ 2 ಮತ್ತು 6ಕ್ಕೆ. 4 ಮತ್ತು 8 ಉಳಿದೆರಡಕ್ಕೆ. ಮೊದಲ ಮೂರು ಅಂಕಿಗಳ ಮೊತ್ತ 3ರಿಂದ ಭಾಗವಾಗಬೇಕು, ಮೊದಲ ಆರರದ್ದೂ ಭಾಗವಾಗಬೇಕು. ಅಂದರೆ ನಡುವಿನ ಮೂರರದ್ದೂ ಆಗಬೇಕು ಅಲ್ವಾ? ಅಲ್ಲಿಗೆ ನಡುವೆ 258 ಅಥವಾ 654 ಮಾತ್ರ ಸಾಧ್ಯ. 8ರ ಪರೀಕ್ಷೆಯನ್ನೂ ಮಾಡಿದರೆ ಉಳಿಯುವುದು ಹತ್ತೇ ಹತ್ತು ಸಂಖ್ಯೆ! 9ರದ್ದು ಚಿಂತೆಯೇ ಇಲ್ಲ, ಒಟ್ಟು ಮೊತ್ತ ಯಾವಾಗಲೂ 45.

ಆ ಹತ್ತರಲ್ಲಿ ನಮಗೆಲ್ಲ ಗೊತ್ತಿರುವ 987654321 ಕೂಡ ಇದೆ. ಅದು ಎಡವುವುದು 7ರಲ್ಲಿ ಮಾತ್ರ: 9876543ನ್ನು 7ರಿಂದ ಭಾಗಿಸಿದರೆ 5 ಉಳಿಯುತ್ತದೆ. ಹತ್ತನ್ನೂ 7ರಿಂದ ಭಾಗಿಸಿ ನೋಡಿ, ನಿಮ್ಮ ರೈಲು ಪಾಂಡವಪುರ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ. ಒಂಬತ್ತು ಬಿದ್ದುಹೋಗುತ್ತವೆ, 3816547 ನಿಲ್ಲುತ್ತದೆ.

ನಿಮ್ಮ ಎರಡನೇ ಪ್ರಶ್ನೆ ಇದಕ್ಕಿಂತ ಚೆನ್ನಾಗಿದೆ. ಕೊನೆಗೆ ಸೊನ್ನೆ ಹಾಕಿದರೆ 3816547290, ಅದು 10ರಿಂದಲೂ ಭಾಗವಾಗುತ್ತದೆ. ಮುಂದೆ ಹೋಗಲು ಅಂಕಿಗಳು ಮತ್ತೆ ಮತ್ತೆ ಬರಬಹುದು ಅಂತ ಬಿಟ್ಟುಕೊಡಬೇಕು. ಆಗ ಹತ್ತು ಅಂಕಿಯವರೆಗೆ ಯಾರೂ ಸಿಕ್ಕಿಕೊಳ್ಳುವುದಿಲ್ಲ. ಕೊನೆಗೆ 0ರಿಂದ 9ರವರೆಗೆ ಯಾವುದನ್ನಾದರೂ ಸೇರಿಸಬಹುದು, ಸಾಲಾಗಿ ಬರುವ ಆ ಹತ್ತು ಸಂಖ್ಯೆಗಳಲ್ಲಿ ಬೇಕಾದ್ದು ಒಂದಾದರೂ ಇದ್ದೇ ಇರುತ್ತದೆ. 11ರಿಂದ ಆ ಭರವಸೆ ಇಲ್ಲ. ಮುಂದೆ ಹೋದಷ್ಟೂ ದಾರಿಗಳು ಮುಚ್ಚುತ್ತಾ ಹೋಗುತ್ತವೆ.

ಎಲ್ಲಕ್ಕಿಂತ ದೂರ ಹೋಗುವುದು 25 ಅಂಕಿಯ ಒಂದೇ ಒಂದು ಸಂಖ್ಯೆ: 3608528850368400786036725. ಅದೂ ಯಾಕೆ ಅಲ್ಲೇ ನಿಲ್ಲುತ್ತದೆ ಅಂತ ಕೈಲೆಕ್ಕದಲ್ಲೇ ತಿಳಿಯಬಹುದು. ಮುಂದಿನ ಅಂಕಿ ಸೇರಿದಾಗ 26ರಿಂದ ಭಾಗವಾಗಬೇಕು, ಅಂದರೆ 2 ಮತ್ತು 13 ಎರಡರಿಂದಲೂ. ಇದನ್ನು 13ರಿಂದ ಭಾಗಿಸಿದರೆ 9 ಉಳಿಯುತ್ತದೆ. ಪಕ್ಕದಲ್ಲಿ ಅಂಕಿ ಸೇರಿದಾಗ ಆ 9 ತೊಂಬತ್ತಾಗುತ್ತದೆ. 91 ಆದರೆ ಮಾತ್ರ 13ಕ್ಕೆ ಸರಿಹೋಗುತ್ತದೆ. ಹಾಗಾಗಿ 13 ಕೇಳುವುದು 1ನ್ನು. 2 ಕೇಳುವುದು ಸಮ ಅಂಕಿಯನ್ನು.